ಗೋಡೆಲೀವಜ್ಜಿಯ ಗೊಬ್ಬರದ ಗುಡ್ಡೆ

ಶವಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸಲು ಕೈ ಚಾಚಿದ ಯೋಲಿನ್, ಬೆರಳುಗಳನ್ನು ಥಟ್ಟನೆ ಒಳಕ್ಕೆ ಮಡಚಿಕೊಂಡಳು. ನಿಂಬೆಹಣ್ಣು ಹಚ್ಚಿ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಸೋದರತ್ತೆ ಮಾರ್ಲೇನಳ ಕಣ್ಣಿಗೆ ಬೀಳದಿದ್ದರೆ ಸಾಕಪ್ಪ, ಎಂದುಕೊಂಡಳು. ಅಜ್ಜಿಯನ್ನು ಕಳಿಸಿಕೊಡುವ ದಿನವೂ ಮೊಮ್ಮಗಳು ಕೈ ತೊಳೆದು ಬರಲಿಲ್ಲ ಅಂದಾರು. ಉಗುರು ಯಾಕೆ ಕಪ್ಪೆಂದು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಪಕ್ಕದ ಹಜಾರದಲ್ಲಿ ಕಾಫಿ, ಚೀಸ್ ಬನ್ನು. ಕಿಟಕಿಯಾಚೆ ಮೂರು ಮರದ ತೊಟ್ಟಿಗಳು. ಇಡೀ ಬೀದಿಯ ಅಡುಗೆಮನೆ ಕಸ ಬಿದ್ದು ಗೊಬ್ಬರದ ಗುಡ್ಡೆಯಾಗುತ್ತಿದ್ದುದು ಅಲ್ಲೇ. ಪುರಸಭೆಯಿಂದ ತರಬೇತಿ ಪಡೆದು, ಬಿಡಿಗಾಸಿಲ್ಲದೆ ಅವನ್ನು ನೋಡಿಕೊಳ್ಳುತ್ತಿದ್ದ ಕಾಂಪೋಸ್ಟ್ ಮೇಸ್ತ್ರಿ ಗೋಡೆಲೀವಜ್ಜಿ.

"ನಾತ ಅಂತ ಅವ್ಳ ಮೇಲೆ ಅರ್ಜಿ ಬರೆದವ್ನೇ ನಾನು," ಎಂದ ನೆರೆಮನೆಯ ಮುದುಕ ಕಮೀಲ್. "ಈಗ ನನ್ನ ಗುಲಾಬಿ ನೋಡೋಕೆ ಪಕ್ಕದೂರಿಂದ ಬರ್ತಾರೆ."

"ಅರ್ಜಿ ಬರೆದಿದ್ದೂ ನೀವೇ, ಗೊಬ್ಬರ ಚೀಲ ತುಂಬ್ಕೊಂಡು ಹೋಗಿದ್ದೂ ನೀವೇ," ಎಂದಳು ಮಾರ್ಲೇನ್ ಅತ್ತೆ. ಎಲ್ಲರೂ ನಕ್ಕರು.

*

ಕಮೀಲ್ ಅರ್ಜಿ ಬರೆದ ಆ ಚಳಿಗಾಲ ಯೋಲಿನ್ ಇನ್ನೂ ಪುಟ್ಟ ಹುಡುಗಿ. ಅರ್ಜಿ ಹಿಡಿದು ಬಂದ ಕಮೀಲನಿಗೆ ಅಜ್ಜಿ ಹೇಳಿದ್ದಿಷ್ಟೇ: "ಅಂಗಿ ತೋಳು ಮಡಚಿ. ಗುಡ್ಡೆಯೊಳಗೆ ಕೈ ಹಾಕಿ ನೋಡಿ."

"ಈ ಕೊಳೆತದ್ದಕ್ಕಾ? ತಲೆ ಕೆಟ್ಟಿದ್ಯೇನ್ರೀ?"

"ನಿಮ್ಮನೆ ಆಲೂಗಡ್ಡೆ ಸಿಪ್ಪೇನೇ ಸ್ವಾಮಿ. ಕಚ್ಚಲ್ಲ."

ಮೊಣಕೈವರೆಗೆ ತೂರಿಸಿದವನು ಹಾಗೇ ನಿಂತುಬಿಟ್ಟ. ಸುತ್ತ ಹಿಮ, ಒಳಗೆ ಕಾವು.

"ನಮ್ಮನೆ ಹೀಟರಿಗಿಂತ ಚೆನ್ನಾಗಿದೆಯಲ್ರೀ!"

"ಮಗುಚ್ತಾ ಇದ್ರೆ ಹೀಗೇ ಇರುತ್ತೆ. ಕೈ ಬಿಟ್ರೆ ನಾರುತ್ತೆ, ಆಮೇಲೆ ಆರುತ್ತೆ."

ಮರುದಿನದಿಂದ ಕಮೀಲ್ ತನ್ನ ಕಾಫಿ ಚರಟ ತಂದು ಸುರಿಯತೊಡಗಿದ.

*

ಹಜಾರದಲ್ಲಿ, ಪುರಸಭೆಯಿಂದ ಬಂದಿದ್ದ ಹೆಂಗಸು ಕಾಫಿ ಬಟ್ಟಲು ಕೆಳಗಿಟ್ಟಳು. "ಅವರಂಥವ್ರು ಮತ್ತೆ ಸಿಗಲ್ಲ. ಮೇಸ್ತ್ರಿ ಇಲ್ದೆ ತೊಟ್ಟಿ ಇಡೋ ಹಾಗಿಲ್ಲ. ಅವರು ಹಾಸಿಗೆ ಹಿಡಿದಾಗ್ಲೇ ಗುಡ್ಡೆ ತಣ್ಣಗಾಗಿರುತ್ತೆ. ಸೋಮವಾರ ತೆಗೆಸ್ತೀವಿ."

"ಯಾರಾದ್ರೂ ಬಾಯಿ ಬಿಡ್ರಪ್ಪ! ನನ್ನ ಸೊಂಟ ನೆಟ್ಟಗಿದ್ದಿದ್ರೆ..." ಕಮೀಲ್ ಸುತ್ತ ನೋಡಿದ.

"ಹೋಗ್ಲಿ ಬಿಡಿ," ಅತ್ತೆ ಕಣ್ಣೊರೆಸಿಕೊಂಡಳು. "ಅಮ್ಮನ ಜೊತೆಗೇ ಹೋಗ್ಲಿ. ಇನ್ಯಾರು ಮಾಡ್ತಾರೆ ಅದನ್ನ?"

ಯೋಲಿನ್ ಮಡಿಲಲ್ಲಿ ಬಚ್ಚಿಟ್ಟಿದ್ದ ಕೈಗಳನ್ನು ಎತ್ತಿ, ಬಿಳಿ ಮೇಜುಬಟ್ಟೆಯ ಮೇಲೆ ಬೆರಳು ಬಿಡಿಸಿ ಇಟ್ಟಳು. ಅಷ್ಟೂ ಉಗುರುಗಳು ಕಪ್ಪು, ಥೇಟ್ ಅಜ್ಜಿಯವೇ.

"ತಣ್ಣಗಾಗಿಲ್ಲ," ಎಂದಳು. "ಅಜ್ಜಿ ಮಲಗಿದಾಗಿಂದ ನಾನೇ ಮಗುಚ್ತಾ ಇದೀನಿ, ಇವತ್ತು ಬೆಳಿಗ್ಗೇನೂ. ಬನ್ನಿ, ಕೈ ಹಾಕಿ ನೋಡಿ."