ಹೊರಗೆ ಬೀಗ, ಒಳಗೆ ಇಬ್ಬರು

ಮರದ ಎಲೆ ಹಳದಿಯಾಗತೊಡಗಿತೆಂದರೆ ಊರಿನವರಿಗೆಲ್ಲ ಒಮ್ಮೆಲೇ ತಮ್ಮ ಕೋಟುಗಳ ನೆನಪಾಗುತ್ತದೆ. ಬೇಸಿಗೆಯುದ್ದಕ್ಕೂ ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದ ಉಣ್ಣೆ ಕೋಟು, ಶಾಲು, ಕಂಬಳಿಗಳನ್ನು ಹೊತ್ತುಕೊಂಡು ಡ್ರೈಕ್ಲೀನಿಂಗ್ ಅಂಗಡಿಗೆ ಮುಗಿಬೀಳುತ್ತಾರೆ. ಕೌಂಟರಿನ ಹಿಂದೆ ನಿಂತ ಹುಡುಗಿಗೆ ಆಗ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಪ್ರತಿ ಜೇಬಿಗೂ ಕೈ ಹಾಕಿ ನೋಡಬೇಕು, ಇಲ್ಲದಿದ್ದರೆ ಹೋದ ವರ್ಷದ ಚಾಕೊಲೇಟು ಯಂತ್ರದೊಳಗೆ ಕರಗಿ ಹತ್ತು ಜನರ ಬಟ್ಟೆಗೆ ಹಂಚಿಕೆಯಾಗುತ್ತದೆ. ಕಲೆ ಯಾವುದರದು ಎಂದು ಕೇಳಬೇಕು. ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. "ಏನೋ ಬಿದ್ದಿರಬೇಕು" ಎಂದು ಆಕಾಶ ನೋಡುತ್ತಾರೆ. ಅವಳೇ ಮೂಸಿ ಟೀ, ಸಾರು, ಶಾಯಿ ಎಂದು ವಿಂಗಡಿಸಬೇಕು. ಸಂಜೆ ಇಸ್ತ್ರಿ ಮೇಜಿನ ಆವಿಯಿಂದ ಹೊರಬಂದಾಗ ಮುಖ ಕೆಂಪಗೆ, ಕೂದಲು ಮುದ್ದೆ.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ, ಬೀದಿಯವರೆಲ್ಲ ಅವನನ್ನು ಕಾರು ಮೇಷ್ಟ್ರು ಎನ್ನುತ್ತಿದ್ದರು. ದಿನಕ್ಕೆ ಹಲವು ಸಲ ಸಾಯುವುದನ್ನು ತಪ್ಪಿಸಿಕೊಂಡು ಮನೆಗೆ ಬರುವ ಮನುಷ್ಯ. ಊರಿಗೆಲ್ಲ "ಕನ್ನಡಿ ನೋಡಿ, ಬ್ರೇಕ್ ಮರೀಬೇಡಿ" ಎಂದು ಪಾಠ ಹೇಳುವವನು ತಾನು ಮಾತ್ರ ಛತ್ರಿ, ಕನ್ನಡಕ, ಊಟದ ಡಬ್ಬಿ, ಒಮ್ಮೆ ಹೆಂಡತಿಯನ್ನೇ ಅಂಗಡಿಯಲ್ಲಿ ಮರೆತು ಬಂದಿದ್ದ. ಆ ಕಥೆ ಎತ್ತಿದರೆ ಈಗಲೂ ಮಾತು ಬದಲಿಸುತ್ತಾನೆ.

ಇಬ್ಬರ ಕಡೆಯ ಬಳಗವೂ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲೇ ಇತ್ತು. ಇದನ್ನು ಭಾಗ್ಯ ಎನ್ನುವವರಿದ್ದಾರೆ, ಅವರಿಗೆ ನೆಂಟರು ಕಡಿಮೆ ಇರಬೇಕು. ಮದುವೆಯಾದಾಗಿನಿಂದ ಒಂದು ಭಾನುವಾರವೂ ಅವರ ಪಾಲಿಗೆ ಉಳಿದಿರಲಿಲ್ಲ. ಒಂದು ವಾರ ಅವಳ ಅಕ್ಕ ಮಕ್ಕಳ ದಂಡು ಕಟ್ಟಿಕೊಂಡು ಬಂದರೆ, ಇನ್ನೊಂದು ವಾರ ಅತ್ತೆ ಮಾವ, ಮತ್ತೊಂದು ವಾರ ಯಾರೂ ಬರಲಿಲ್ಲವಲ್ಲ ಎಂದು ಇವರನ್ನೇ ಕರೆಸಿಕೊಳ್ಳುವ ಚಿಕ್ಕಮ್ಮ. ಬೇಡವೆನ್ನುವಂತಿಲ್ಲ, ಎಲ್ಲರೂ ಪ್ರೀತಿಯಿಂದಲೇ ಬರುತ್ತಿದ್ದರು. ಪ್ರೀತಿಯಿಂದ ಬಂದವರನ್ನು ಹೊರಗೆ ಕಳಿಸುವುದಾದರೂ ಹೇಗೆ?

ಆದರೆ ಈ ಭಾನುವಾರವನ್ನು ಅವಳು ಹಲ್ಲು ಕಚ್ಚಿ ಉಳಿಸಿಕೊಂಡಿದ್ದಳು. ಊರಾಚೆಯ ಕೆರೆಯ ಸುತ್ತ ಮರಗಳೆಲ್ಲ ಹಳದಿ ಕೆಂಪಾಗಿವೆಯೆಂದು ಅಂಗಡಿಗೆ ಬಂದವರೆಲ್ಲ ಹೇಳಿಹೇಳಿ ಅವಳ ಹೊಟ್ಟೆ ಉರಿಸಿದ್ದರು. ಇನ್ನೊಂದು ಜೋರು ಗಾಳಿ ಬೀಸಿದರೆ ಎಲ್ಲ ಮುಗಿಯಿತು, ಆಮೇಲೆ ಬೋಳು ಕೊಂಬೆ ನೋಡಿ ಬರಬೇಕು. ಬರುವ ವಾರ ಅಕ್ಕನ ಸರದಿ ಬೇರೆ. ಆದ್ದರಿಂದ ಇವತ್ತು ಇಬ್ಬರೇ, ಹಗಲು ಹೊತ್ತಿನಲ್ಲಿ, ಯಾರಿಗೂ ಟೀ ಮಾಡಿಕೊಡದೆ, ಕೆರೆಯ ದಂಡೆಯಲ್ಲಿ ನಡೆಯಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಬುಟ್ಟಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಟೀ ತುಂಬಿಯಾಗಿತ್ತು. ಅವಳು ಹಸಿರು ಸ್ವೆಟರ್ ತೊಟ್ಟು, ಶಾಲು ಹೊದ್ದು, ಬಿಸಿಲು ಹೇಗಿದೆ ಎಂದು ಕಿಟಕಿಯ ಪರದೆ ಸರಿಸಿದವಳು ಹಾವು ತುಳಿದವಳಂತೆ ಹಿಂದೆ ಹಾರಿದಳು.

"ರೀ, ದೊಡ್ಡತ್ತೆ!"

"ಎಲ್ಲಿ?"

"ಬಸ್ಸಿಂದ ಇಳೀತಿದಾರೆ. ದೊಡ್ಡಮಾವಾನೂ ಇದಾರೆ. ಕೈಯಲ್ಲಿ ಚೀಲ ಬೇರೆ!"

ಚೀಲ ಇದೆಯೆಂದರೆ ಸಂಜೆಯವರೆಗಿನ ಏರ್ಪಾಡು. ದೊಡ್ಡತ್ತೆ ಎಂದರೆ ಅವನ ಅಪ್ಪನ ಅಕ್ಕ, ಕಂಡರೆ ಇಡೀ ಬಳಗವೇ ಎದ್ದು ನಿಲ್ಲುವ ಹೆಂಗಸು. ಹೋದ ಸಲ ಬಂದಾಗ ಕಪಾಟಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಮನೆಮಂದಿಗೆಲ್ಲ ತೋರಿಸಿ, "ಊರವರ ಕೊಳೆಯೆಲ್ಲ ತೆಗೀತೀಯ, ಸ್ವಂತ ಕಪಾಟಿನ ಮೇಲೆ ಸೊಪ್ಪು ಬೆಳೆಯೋಷ್ಟು ಮಣ್ಣಿದೆಯಲ್ಲಮ್ಮ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು, ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಳು.

"ಹೋಯ್ತು ನಮ್ಮ ಕೆರೆ" ಎನ್ನುವಾಗ ಅವಳ ಕಣ್ಣು ತುಂಬಿಬಂತು.

ಮುಂದಿನ ಉಪಾಯ ಯಾರದು ಎಂಬ ಬಗ್ಗೆ ಗಂಡ ಹೆಂಡಿರಲ್ಲಿ ಇಂದಿಗೂ ಒಮ್ಮತವಿಲ್ಲ. ಮಾಡಿದವನು ಮಾತ್ರ ಗಂಡ. ದೊಡ್ಡಮಾವನ ಮಂಡಿನೋವಿನಿಂದಾಗಿ ಮುದುಕರಿಬ್ಬರೂ ನಿಧಾನಕ್ಕೆ ಬರುತ್ತಿದ್ದರು, ನಡುವೆ ಒಂದು ಲಾರಿ ಬೇರೆ ಅಡ್ಡ ನಿಂತಿತ್ತು. ಅಷ್ಟರಲ್ಲಿ ಇವನು ಮುಂಬಾಗಿಲಿಂದ ಹೊರಗೆ ಹೋಗಿ ಬೀಗ ಜಡಿದು, ಪಕ್ಕದ ಓಣಿಯಲ್ಲಿ ಓಡಿ, ಹಿಂಬಾಗಿಲಿಂದ ಒಳಗೆ ಬಂದು ಚಿಲಕ ಹಾಕಿದ. ಹೊರಗಿನವರಿಗೆ ಮನೆಯಲ್ಲಿ ಯಾರೂ ಇಲ್ಲ. ಬೀಗ ನೋಡಿ ವಾಪಸು ಹೋಗುತ್ತಾರೆ, ನಾವು ಕೆರೆಗೆ. ಲೆಕ್ಕಾಚಾರ ಇಷ್ಟು ಸಲೀಸಾಗಿತ್ತು.

ಇಬ್ಬರೂ ಕಿಟಕಿಯ ಕೆಳಗೆ ನೆಲದ ಮೇಲೆ, ಬುಟ್ಟಿಯನ್ನು ನಡುವೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತರು.

ಹೆಜ್ಜೆ ಸಪ್ಪಳ ಹತ್ತಿರವಾಯಿತು. "ಬೀಗ ಹಾಕಿದೆ ಕಣ್ರೀ!" ಎಂದು ದೊಡ್ಡತ್ತೆ ಕೂಗಿದರು. ಅವರು ಮಾತಾಡುವುದೇ ಹಾಗೆ. ದೊಡ್ಡಮಾವ ನೂಲಿನ ಗಿರಣಿಯಲ್ಲಿ ಜೀವನವಿಡೀ ದುಡಿದು, ಆ ಗದ್ದಲಕ್ಕೆ ಎರಡೂ ಕಿವಿ ಒಪ್ಪಿಸಿ ಬಂದವರು. ಅವರ ಜೊತೆ ಸಂಸಾರ ಮಾಡಿ ದೊಡ್ಡತ್ತೆಗೆ ಪಿಸುಮಾತು ಮರೆತೇ ಹೋಗಿತ್ತು.

ಆಮೇಲೆ ಸದ್ದಿಲ್ಲ. ದೊಡ್ಡತ್ತೆ ಅಷ್ಟು ಹೊತ್ತು ಸುಮ್ಮನಿದ್ದುದು, ಅವಳಿಗೆ ತಿಳಿದ ಮಟ್ಟಿಗೆ, ಅದೇ ಮೊದಲು. ಕೊನೆಗೆ, "ನಿಮ್ಮ ಮಂಡಿ ಸ್ವಲ್ಪ ಸುಧಾರಿಸಲಿ, ಇಲ್ಲೇ ಮೆಟ್ಟಿಲ ಮೇಲೆ ಕೂತಿರೋಣ!" ಎಂದರು.

ಒಳಗಿದ್ದವರ ಮುಖ ನೋಡುವಂತಿತ್ತು. ಹಿಂದಿನ ಓಣಿ ಬೀದಿಗೆ ಸೇರುವುದೇ ಆ ಮೆಟ್ಟಿಲ ಪಕ್ಕದಲ್ಲಿ. ಅವರು ಏಳುವವರೆಗೆ ಇವರು ಅಲ್ಲಾಡುವಂತಿಲ್ಲ.

"ಒಂದು ಕೆಲಸ ಮಾಡೋಣ" ಅವಳು ಗಂಡನ ಕಿವಿಯಲ್ಲಿ ಹೇಳಿದಳು. "ಈಗಷ್ಟೇ ಪೇಟೆಯಿಂದ ಬಂದವರ ಹಾಗೆ ಓಣಿಯಿಂದ ಹೋಗಿ ಬೀಗ ತೆಗೆದುಬಿಡೋಣ. ಮರ್ಯಾದೆಯಾದರೂ ಉಳಿಯುತ್ತೆ. ಕೀ ಕೊಡಿ."

ಕಾರು ಮೇಷ್ಟ್ರು ಒಂದು ಜೇಬು ತಡಕಿದ. ಇನ್ನೊಂದು ಜೇಬು ತಡಕಿದ. ಅಂಗಿಯ ಜೇಬು ನೋಡಿದ. ನಿಧಾನವಾಗಿ ನಾಲಿಗೆ ಕಚ್ಚಿಕೊಂಡ.

"ಬೀಗದಲ್ಲೇ ಇದೆ ಅನ್ಸುತ್ತೆ."

ಅವಳಿಗೆ ಅವನ ಕೂದಲು ಹಿಡಿದು ಜಗ್ಗುವಷ್ಟು ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ತಡೆಯಲಾರದ ನಗುವೂ ಬಂತು. ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಾಗಿದಳು. ಅವನು ಇಂಗು ತಿಂದ ಮಂಗನ ಹಾಗೆ ನೋಡುತ್ತಿದ್ದ. ಆಗಲೇ ಹೊರಗೆ ದೊಡ್ಡಮಾವನ ಗಂಟಲು ಎದ್ದಿತು.

"ಏ, ಇಲ್ನೋಡು! ಕೀ ಬೀಗದಲ್ಲೇ ನೇತಾಡ್ತಿದೆ! ತೆಗೆದು ಒಳಗೆ ಹೋಗೋಣ, ಟೀ ಮಾಡು!"

ಬೀಗ ಕಟಕಟ ಎಂದಿತು.

"ಮುಟ್ಟಬೇಡಿ ಅದನ್ನ!"

"ಏನು?"

"ಮುಟ್ಟಬೇಡಿ ಅಂದೆ! ಮಕ್ಕಳು ಒಳಗೇ ಇದಾರೆ!"

"ಬೀಗ ಹಾಕಿದೆಯಲ್ಲೇ?"

"ಹಾಕಿ ಹಿಂದಿನಿಂದ ಒಳಗೆ ಹೋಗಿದಾರೆ! ನಂಗೆ ಬಂದ ತಕ್ಷಣವೇ ಗೊತ್ತಾಯ್ತು, ಬಸ್ಸಿಂದ ಇಳಿಯೋವಾಗ ಪರದೆ ಸರಿದಿದ್ದು ನೋಡಿದ್ದೆ! ಮೆಲ್ಲಗೆ ಮಾತಾಡಿ, ಕೇಳಿಸಿಬಿಡುತ್ತೆ!"

ಆ "ಮೆಲ್ಲಗೆ" ಎಷ್ಟು ಜೋರಾಗಿತ್ತೆಂದರೆ ಎದುರು ಮನೆಯ ದರ್ಜಿ ಏನಾಯಿತೆಂದು ಕಿಟಕಿ ತೆಗೆದು ಇಣುಕಿದ.

"ನಾವು ಬರ್ತಿರೋದು ಅವರಿಗೆ ಗೊತ್ತಾಗಲಿಲ್ವಾ?" ದೊಡ್ಡಮಾವ ಕೇಳಿದರು.

"ಗೊತ್ತಾಗಿದ್ದಕ್ಕೇ ಬೀಗ ಹಾಕಿರೋದು!"

ಅವಳು ನಗು ನಿಲ್ಲಿಸಿ ಬಾಯಿಂದ ಶಾಲು ತೆಗೆದಳು. ನಾಳೆಯೊಳಗೆ ಈ ಸುದ್ದಿ ಇಡೀ ಬಳಗ ಸುತ್ತುತ್ತದೆ, ಕಪಾಟಿನ ಧೂಳಿನ ಜೊತೆ ಇದೂ ಒಂದು ಸೇರುತ್ತದೆ, ಇನ್ನು ಯಾವ ಮುಖ ಇಟ್ಟುಕೊಂಡು ಅತ್ತೆ ಮಾವನ ಮುಂದೆ ನಿಲ್ಲಲಿ ಎಂದುಕೊಂಡಳು. ಗಂಡ ಅವಳ ಕೈ ಹಿಡಿದುಕೊಂಡ.

"ಎಂಥ ಮಕ್ಕಳಪ್ಪ ಇವು!" ಎಂದರು ದೊಡ್ಡಮಾವ.

"ಒಳ್ಳೇ ಮಕ್ಕಳೇ, ಸುಮ್ನಿರಿ! ಹೊಸದಾಗಿ ಮದುವೆ ಆದವರು. ಒಂದು ಭಾನುವಾರನಾದ್ರೂ ಇಬ್ಬರೇ ಇರೋಣ ಅನ್ನಿಸಲ್ವಾ? ನಂಗೆ ಅನ್ನಿಸಿರಲಿಲ್ವಾ? ನಾವು ಮದುವೆ ಆದ ವರ್ಷ, ಕೆರೆ ಹತ್ತಿರ ಎಲೆ ಹಣ್ಣಾಗಿದೆ, ಕರ್ಕೊಂಡು ಹೋಗ್ತೀನಿ ಅಂದ್ರಿ. ಬೆಳಗ್ಗೆಯೇ ತಲೆ ಬಾಚಿ ಕೂತಿದ್ದೆ. ನಿಮ್ಮ ಚಿಕ್ಕಪ್ಪ ಮನೆಮಂದಿನೆಲ್ಲ ಕಟ್ಟಿಕೊಂಡು ಬಂದ್ರು. ಸಂಜೆವರೆಗೂ ಒಲೆ ಮುಂದೆ ನಿಂತಿದ್ದೆ!"

"ಆಮೇಲೆ ಹೋದ್ವಲ್ಲ?"

"ಎಲ್ಲಿ ಹೋದ್ವಿ? ಮುಂದಿನ ವಾರ ಅಂದ್ರಿ, ಮುಂದಿನ ವರ್ಷ ಅಂದ್ರಿ, ಈಗ ಮಂಡಿ ನೋವು ಅಂತೀರಿ!"

ದೊಡ್ಡಮಾವ ಮೆಟ್ಟಿಲ ಮೇಲೆ ಕಾಲು ಸರಿಸಿದ ಸದ್ದಾಯಿತು. ಕಿವಿ ಕೇಳದವರಿಗೂ ಕೆಲವು ಮಾತುಗಳು ಸರಿಯಾಗಿಯೇ ಕೇಳಿಸುತ್ತವೆ.

"ಆ ಹುಡುಗಿ ಆರು ದಿನ ಆವಿಯಲ್ಲಿ ಬೇಯ್ತಾಳೆ" ಎಂದು ದೊಡ್ಡತ್ತೆ ಮುಂದುವರಿಸಿದರು. "ಹೋದ ಸಲ ಕಪಾಟಿನ ಧೂಳು ಅಂತ ನಾಲ್ಕು ಜನರ ಮುಂದೆ ಬಾಯಿ ಹರಿಬಿಟ್ಟೆ. ಮನೆಗೆ ಹೋದ ಮೇಲೆ ಎಷ್ಟು ದಿನ ಸಂಕಟ ಆಯ್ತು ಗೊತ್ತಾ? ಅದಕ್ಕೇ ಇವತ್ತು ನಮ್ಮ ಮರದ ಸೇಬು ತಂದಿದ್ದು."

"ಹಾಗಂತ ಅವಳಿಗೇ ಹೇಳಬಹುದಿತ್ತಲ್ಲ!"

"ಹೇಳೋಕೆ ಬಾಯಿ ಬರಬೇಕಲ್ಲ!"

ಒಳಗೆ ಅವಳು ಗಂಡನ ಮುಖ ನೋಡಲಿಲ್ಲ. ಕಪಾಟಿನ ಕಡೆ ನೋಡಿದಳು. ಅವತ್ತಿನಿಂದ ದಿನಾ ಒರೆಸಿ ಒರೆಸಿ ಅದರ ಬಣ್ಣವೇ ಮಾಸಿತ್ತು. ಅವರೂ ಅಲ್ಲಿ ನೊಂದುಕೊಂಡಿದ್ದರೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಏಳಿ ಏಳಿ. ನಾವು ಇಲ್ಲಿ ಕೂತ್ರೆ ಪಾಪ, ಅವರು ಹೊರಗೆ ಬರೋದು ಹೇಗೆ? ಸೇಬು ಬಾಗಿಲ ಹತ್ತಿರ ಇಟ್ಟಿದೀನಿ."

"ಬಸ್ ಸ್ಟಾಪಿಗೆ ಹೋಗೋಣ್ವಾ?"

"ಅಲ್ಲಿ ಬೇಡ! ಅವರೂ ಬಸ್ಸಿಗೇ ಬರ್ತಾರೇನೋ, ನಮ್ಮನ್ನ ನೋಡಿದ್ರೆ ಎದೆ ಒಡ್ಕೋತಾರೆ. ಬೇಕರಿ ಹಿಂದೆ ಒಂದು ಬೆಂಚಿದೆ, ಅಲ್ಲಿ ಬಚ್ಚಿಟ್ಟುಕೊಂಡು ಕೂರೋಣ. ಅವರು ಹೋದ ಮೇಲೆ ನಾವು ಹೋದರಾಯ್ತು."

ಅವಳು ಪರದೆಯ ಸಂದಿಯಿಂದ ನೋಡಿದಳು. ಮುದುಕರಿಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು, ಒಣಗಿದ ಎಲೆಗಳ ಮೇಲೆ ಸದ್ದಾಗದಂತೆ ಕಳ್ಳಹೆಜ್ಜೆ ಇಡುತ್ತ ಹೋಗುತ್ತಿದ್ದರು. ದೊಡ್ಡತ್ತೆ ಒಮ್ಮೆ ಹಿಂತಿರುಗಿ ಕಿಟಕಿಯ ಕಡೆ ನೋಡಿ, ಗಂಡನನ್ನು ಬೇಗಬೇಗ ಎಳೆದರು.

ಹಾದಿ ಸಲೀಸಾಗಿತ್ತು, ಕೆರೆ ಕಾದಿತ್ತು. ಗಂಡ ಬುಟ್ಟಿ ಎತ್ತಿಕೊಂಡ. "ನಡಿ, ಈಗ ಹೋಗಬಹುದು" ಎಂದ. ಆದರೆ ಅವಳು ಆಗಲೇ ಹಿಂಬಾಗಿಲ ಚಿಲಕ ತೆಗೆದು ಓಡಿದ್ದಳು. ಓಣಿ ದಾಟಿ, ಬೀದಿಗೆ ಬಂದು, ಶಾಲು ಒಂದು ಕಡೆ ತಾನೊಂದು ಕಡೆಯಾಗಿ, "ದೊಡ್ಡತ್ತೇ! ನಿಲ್ಲಿ ದೊಡ್ಡತ್ತೇ!" ಎಂದು ಕೂಗಿದಳು. ದರ್ಜಿಯ ಕಿಟಕಿ ಮತ್ತೆ ತೆರೆಯಿತು.

ದೊಡ್ಡತ್ತೆ ಗಕ್ಕನೆ ನಿಂತರು. ತಕ್ಷಣ ಮುಖ ಗಟ್ಟಿ ಮಾಡಿಕೊಂಡು, "ಅಯ್ಯೋ, ಎಲ್ಲಿಂದ ಬಂದ್ಯಮ್ಮ? ಮನೇಲಿ ಯಾರೂ ಇರಲಿಲ್ಲ, ಅದಕ್ಕೇ ವಾಪಸು ಹೊರಟಿದ್ವಿ" ಎಂದರು.

"ಮನೇಲೇ ಇದ್ವಿ" ಎಂದಳು ಅವಳು ಏದುಸಿರು ಬಿಡುತ್ತ. "ಬಚ್ಚಿಟ್ಟುಕೊಂಡಿದ್ವಿ. ನೀವು ಹೇಳಿದ್ದೆಲ್ಲ ಕೇಳಿಸ್ತು."

"ಎಲ್ಲಾನೂ?"

"ಎಲ್ಲಾನೂ."

ದೊಡ್ಡತ್ತೆ ಗಂಡನ ಕಡೆ ತಿರುಗಿ, "ನಿಮ್ಮ ಕಿವಿಯಿಂದ ನನ್ನ ಮಾನ ಹೋಯ್ತು!" ಎಂದರು. "ಏನು?" ಎಂದರು ದೊಡ್ಡಮಾವ. ಅವಳು ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ದೊಡ್ಡತ್ತೆಯ ಕೈ ಹಿಡಿದುಕೊಂಡಳು. ಆ ಕೈಯಲ್ಲಿ ಸೇಬಿನ ವಾಸನೆಯಿತ್ತು.

"ತಪ್ಪಾಯ್ತು ದೊಡ್ಡತ್ತೆ."

"ನಂದೂ ತಪ್ಪಾಯ್ತು ಕಣಮ್ಮ. ಇನ್ನು ಹೋಗಿ ನೀವು, ಬಸ್ಸು ಬಂದುಬಿಡುತ್ತೆ."

"ನೀವೂ ಬನ್ನಿ, ಕೆರೆಗೆ."

"ನಿಂಗೇನು ತಲೆ ಕೆಟ್ಟಿದೆಯಾ? ಇಬ್ಬರೇ ಹೋಗಬೇಕು ಅಂತ ಇಷ್ಟೆಲ್ಲ ಆಟ ಆಡಿ, ಈಗ ಎರಡು ಮುದಿ ಜೀವ ಬೆನ್ನಿಗೆ ಕಟ್ಟಿಕೊಂಡು ಹೋಗ್ತೀಯಾ?"

ಅಷ್ಟರಲ್ಲಿ ದೊಡ್ಡಮಾವ ಬಾಯಿ ತೆಗೆದರು. ಎಷ್ಟು ಕೇಳಿಸಿಕೊಂಡರೋ, ಎಷ್ಟು ಊಹಿಸಿದರೋ, "ನಾನು ಬರ್ತೀನಿ. ಮಂಡಿ ಸರಿಯಾಗಿದೆ" ಎಂದರು. ಅದು ಶುದ್ಧ ಸುಳ್ಳು. ಸುಳ್ಳು ಹೇಳಿದವರ ಕಡೆ ದೊಡ್ಡತ್ತೆ ಸ್ವಲ್ಪ ಹೊತ್ತು ನೋಡಿ, ತಲೆಯ ಮೇಲಿನ ಶಾಲು ಸರಿಮಾಡಿಕೊಂಡರು. ಕಾರು ಮೇಷ್ಟ್ರು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಸೇಬಿನ ಚೀಲ ಹಿಡಿದು ಓಡಿ ಬಂದ. ಬೀಗದ ಕೀ ತಂದಿದ್ದೀರಾ ಎಂದು ಹೆಂಡತಿ ಕೇಳಿದ್ದಕ್ಕೆ ಮತ್ತೆ ಮನೆಗೆ ಓಡಿದ.

ಕೆರೆಯ ದಂಡೆಯಲ್ಲಿ ಬಿಸಿಲು ಹದವಾಗಿತ್ತು. ಗಾಳಿ ಸುಳಿದಾಗಲೆಲ್ಲ ಎಲೆಗಳು ಗುಂಪುಗುಂಪಾಗಿ ಕಳಚಿ ನೀರಿಗೆ ಬೀಳುತ್ತಿದ್ದವು. ನಾಲ್ವರೂ ಬ್ರೆಡ್ಡು, ಮೊಟ್ಟೆ ತಿಂದರು, ಹುಳಿ ಸೇಬು ಕಚ್ಚಿ ಮುಖ ಸಿಂಡರಿಸಿದರು. ಹಿರಿಯರನ್ನು ಬಿಟ್ಟು ಏಳುವುದು ಹೇಗೆಂದು ಅವಳು ಸಂಕೋಚಪಡುತ್ತಿರುವಾಗ ದೊಡ್ಡತ್ತೆಯೇ, "ಇನ್ನು ನೀವಿಬ್ಬರೂ ಆ ದಂಡೆಗೆ ಹೋಗಿ. ಸಂಜೆ ಬಸ್ಸಿನವರೆಗೂ ಈ ಕಡೆ ತಲೆ ಹಾಕಬಾರದು" ಎಂದರು.

"ಯಾಕೆ ದೊಡ್ಡತ್ತೆ? ನಿಮಗೇನಾದ್ರೂ ಬೇಕಾದ್ರೆ?"

"ನಮಗೂ ಇಬ್ಬರೇ ಇರಬೇಕು ಅನ್ನಿಸಲ್ವಾ?" ಎಂದು ಗದರಿದವರ ಕೆನ್ನೆ ಹುಡುಗಿಯ ಹಾಗೆ ಕೆಂಪಗಾಗಿತ್ತು.

ಅವಳು ಗಂಡನ ತೋಳು ಹಿಡಿದು ಎಲೆಗಳನ್ನು ಕಾಲಿನಿಂದ ಹಾರಿಸುತ್ತ ಹೊರಟಳು. ಬಹಳ ದೂರ ಹೋಗಿದ್ದರು, ಆದರೂ ನೀರಿನ ಮೇಲಿಂದ ದೊಡ್ಡತ್ತೆಯ ದನಿ ಸ್ಪಷ್ಟವಾಗಿ ಬಂತು.

"ಚೆನ್ನಾಗಿದೆ ಅಂದೆ!"

"ಏನು? ಕೆರೆನಾ?"

"ಕೆರೆನೂ ಚೆನ್ನಾಗಿದೆ! ನೀವು ಪಕ್ಕದಲ್ಲಿ ಕೂತಿರೋದು ಚೆನ್ನಾಗಿದೆ ಅಂದೆ!"

ದಂಡೆಯಲ್ಲಿ ನಡೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಈ ಸಲ ದೊಡ್ಡಮಾವ ಏನು ಎಂದು ಕೇಳಲಿಲ್ಲ.