ವಿಐಪಿ ಸೀಟು

“ತಳ್ಳು ಬೇವರ್ಸಿ, ಮೂರು ಹೊತ್ತು ತಿನ್ನಲಿಕ್ಕೆ ಮಾತ್ರವಾ ನೀನು?”

ಧಣಿ ಮೋನಪ್ಪ ಬೈದದ್ದು ಮೈಕಿನಲ್ಲಿ. ಗೈಡನ್ನು ಕೆಲಸದಿಂದ ಬಿಡಿಸಿ ಈಗ ಅವರೇ ಪ್ರವಾಸಿಗರಿಗೆ ಮುಂಬೈ ತೋರಿಸುತ್ತಾರೆ. ಇವತ್ತು ಮಲಬಾರ್ ಹಿಲ್ ಜೊತೆಗೆ ನನ್ನನ್ನೂ ತೋರಿಸಿದರು. ಒಳಗೆ ಕೂತವರು ನಕ್ಕರು. ಹಿಂದಿನಿಂದ ಮಿನಿ ಬಸ್ಸಿಗೆ ಹೆಗಲು ಕೊಟ್ಟಿದ್ದ ನಾನೂ ನಕ್ಕೆ. ಆರು ವರ್ಷ ಕ್ಲೀನರಾಗಿ ಕಲಿತ ವಿದ್ಯೆ ಅದೊಂದೇ.

ಕೊಲ್ಲಿಯ ಗಲಾಟೆಯೆಂದು ಸರಕಾರ ಇಂಧನಕ್ಕೆ ಸರ್ಚಾರ್ಜು ಹಾಕಿದ ಮೇಲೆ ಟಿಕೆಟು ಏರಿ, ಪ್ರವಾಸಿಗರು ಅರ್ಧಕ್ಕಿಳಿದಿದ್ದರು. ಧಣಿ ಉಪಾಯ ಮಾಡಿದರು. ಬಸ್ಸು ನಿಂತಲ್ಲೆಲ್ಲ ಇಂಜಿನ್ ಆಫ್. ಬ್ಯಾಟರಿ ಸತ್ತಿದ್ದರೂ ಹೊಸತಿಲ್ಲ; ಕ್ಲೀನರುಗಳು ತಳ್ಳಬೇಕು. ಬಾಗಿಲ ಬಳಿ ನಾವು ಕೂರುತ್ತಿದ್ದ ಹಲಗೆಗೆ ಕುಶನ್ ಹಾಕಿಸಿ, ವಿಐಪಿ ಸೀಟೆಂದು ಮಾರಿದರು. ನಾನೂ ಇನ್ನೊಬ್ಬ ಕ್ಲೀನರ್ ದೂಜನೂ ಬಸ್ಸಿನ ಹಿಂದಿನ ಏಣಿಗೆ ಜೋತುಬಿದ್ದೆವು. ವಿಐಪಿಗಿಂತ ಎತ್ತರದಲ್ಲಿದ್ದೇನೆ ಎಂದು ಹೆಂಡತಿ ಸೇವಂತಿಯ ಮುಂದೆ ಜಂಬ ಕೊಚ್ಚಿಕೊಂಡೆ. ಅವಳು ನಗಲಿಲ್ಲ.

ಹೋದ ವಾರ ಸಾಯನ್ ಬಳಿ ದೂಜ ಏಣಿಯಿಂದ ಬಿದ್ದ. ಒಂದು ಕಾಲು ತೆಗೆದರು. ಕುಡಿದಿದ್ದ ಎಂದರು ಧಣಿ. ಅವನು ಒಂದು ಹನಿಯೂ ಮುಟ್ಟಿರಲಿಲ್ಲವೆಂದು ಗೊತ್ತಿದ್ದೂ ನಾನು ಹೌದೆಂದು ತಲೆಯಾಡಿಸಿದೆ. ನನ್ನ ಧೈರ್ಯ ಅಷ್ಟು ದೊಡ್ಡದು.

ಹಾಗಾಗಿ ಈಗ ಒಬ್ಬನೇ ತಳ್ಳುತ್ತಿದ್ದೆ. ಬಸ್ಸು ಕದಲಲಿಲ್ಲ. ವಿಐಪಿ ಸೀಟಿನಲ್ಲಿದ್ದ ಬೆಂಗಳೂರಿನ ರಾಮಸ್ವಾಮಿಯವರು, ಪಾಪ, ಕೈಜೋಡಿಸಲು ಇಳಿದು ಬಂದರು. ಧಣಿ ಹಿಂದೆಯೇ ಓಡಿ ಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ರಾಮಸ್ವಾಮಿಯವರು ನನ್ನ ಪಕ್ಕದಿಂದ ಸರಿದು ಕರ್ಚೀಫಿನಿಂದ ಕೈ ಒರೆಸಿಕೊಂಡರು. ಏನು ಹೇಳಿದ್ದೆಂದು ಕೇಳಬೇಕಿರಲಿಲ್ಲ. ನಮ್ಮ ಜಾತಿಯ ಮೇಲಿನ ಸರ್ಚಾರ್ಜು ಹುಟ್ಟುವಾಗಲೇ ಬಿದ್ದದ್ದು.

ನಾನು ತಳ್ಳುವುದನ್ನು ಬಿಟ್ಟೆ. ಸುತ್ತಿ ಬಂದು, ಬಸ್ಸು ಹತ್ತಿ, ಆ ಕುಶನ್ನಿನ ಮೇಲೆ ಕೂತುಬಿಟ್ಟೆ.

“ಏಳು ಅಂಗಾರ,” ಎಂದರು ಬಾಗಿಲಿಗೆ ಬಂದು ನಿಂತ ಧಣಿ.

“ಇಲ್ಲ ಧಣಿ. ಇನ್ನು ನಾನು ಏಣಿ ಹತ್ತುದಿಲ್ಲ. ದೂಜ ಕುಡಿದಿರ್ಲಿಲ್ಲ.” ಗುಡುಗಿದೆ ಅಂದುಕೊಂಡೆ, ಹೊರಟದ್ದು ಕುರಿಮರಿಯ ದನಿ.

“ನಾಳೆಯಿಂದ ನಿಂಗೆ ಕೆಲ್ಸ ಇಲ್ಲ.”

“ಇವತ್ತಿನ ಕೆಲ್ಸ ಉಂಟಲ್ಲ. ಹೇಗೂ ಇಳಿದಿದ್ದೀರಿ, ತಳ್ಳಿ.”

ಡ್ರೈವರ್ ನೀಲಕಂಠಪ್ಪ ಕಿಟಕಿಯಿಂದ ತಲೆ ಹೊರಹಾಕಿದ. “ಗೇರ್ ಹಾಕೇನ್ರೀ ಧಣ್ಯಾರ, ದಬ್ರಿ.”

ಈ ಸಲ ಒಳಗೆ ಯಾರೂ ನಗಲಿಲ್ಲ. ಧಣಿ ಬಸ್ಸಿನ ಹಿಂದಕ್ಕೆ ಹೋದರು. ತಳ್ಳಲಿಕ್ಕೋ, ಪೊಲೀಸರನ್ನು ಕರೆಯಲಿಕ್ಕೋ, ಕೂತಲ್ಲಿಂದ ಕಾಣಲಿಲ್ಲ. ಆದರೂ ನಾನು ಏಳಲಿಲ್ಲ.