ಸುಳ್ಳುಗಾಡಿ

ಬೀದಿಯವರೆಲ್ಲ ಅವಳನ್ನು ಮೀಟರಕ್ಕ ಅಂತಲೇ ಕರೆಯುತ್ತಿದ್ದರು. ಸ್ಟೇರಿಂಗಿನ ಹಿಂದಿರುವ ಮೀಟರುಗಳು ಕೆಟ್ಟರೆ ರಿಪೇರಿ ಮಾಡುವುದು ಅವಳ ಕಸುಬು. ತಲೆ ನರೆತವರೂ ಮನೆಯ ಮುಂಗೋಣೆಯಲ್ಲಿದ್ದ ಅವಳ ಅಂಗಡಿಗೆ ಬಂದು, "ಮೀಟರಕ್ಕಾ, ಮುಳ್ಳು ಅಲ್ಲಾಡ್ತಾನೇ ಇಲ್ಲ ನೋಡಿ" ಅನ್ನುತ್ತಿದ್ದರು. ಊರಿಗೆಲ್ಲ ಅಕ್ಕನಾದದ್ದೇನೋ ಸರಿ. ಆದರೆ ಅವಳನ್ನು ತಂಗಿ ಅನ್ನಬೇಕಾದ ಒಂದೇ ಒಂದು ಬಾಯಿ ಬೀಗ ಹಾಕಿಕೊಂಡು ಕೂತಿತ್ತು.

ಆ ಬಾಯಿ ಅವಳ ಒಡಹುಟ್ಟಿದ ಅಕ್ಕನದು. ಅಕ್ಕ ಸರಕು ಸಾಗಿಸುವ ವ್ಯಾನ್ ಓಡಿಸುವವಳು. ಅಮ್ಮ ತೀರಿಕೊಂಡ ದಿನ ದೂರದ ಬಾಡಿಗೆಗೆ ಹೋಗಿದ್ದವಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತ ಅವಳಿಗೆ ತಂಗಿ, "ಗಾಡಿನೇ ನಿನಗೆ ತಾಯಿ ಅಲ್ವಾ? ಅದರಲ್ಲೇ ಬಿದ್ದಿರು. ಈ ಹೊಸ್ತಿಲು ತುಳಿದ್ಯೋ, ನೋಡು!" ಎಂದುಬಿಟ್ಟಳು. ದುಃಖದಲ್ಲಿ ಆಡಿದ ಮಾತು, ಒಬ್ಬರಾದರೂ ಸೋತಿದ್ದರೆ ಅಲ್ಲಿಗೇ ಆರಿಹೋಗುತ್ತಿತ್ತು. ಸೋಲುವುದೇ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಒಬ್ಬರಿಗಿಂತ ಒಬ್ಬರು ಒಂದು ಕೈ ಮೇಲೆ. ಅಕ್ಕ ಈ ಕಡೆ ತಲೆ ಹಾಕಲಿಲ್ಲ, ತಂಗಿ ಫೋನು ಮಾಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಅಕ್ಕನ ಜೊತೆಯಲ್ಲೇ ಕೆಲಸ ಮಾಡುವ ಗಡ್ಡದ ಡ್ರೈವರ್ ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟ. ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಚೆನ್ನಾಗಿದ್ದ ಕಾಲದಲ್ಲಿ ಅವಳೇ ಅಕ್ಕನಿಗಾಗಿ ಕೂತು ಮಾಡಿದ ರೆಕಾರ್ಡರ್ ಅದು. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಸಾಕು, ಗಾಡಿ ಎಷ್ಟು ವೇಗದಲ್ಲಿ ಹೋಯಿತು, ಇಂಜಿನ್ ಎಷ್ಟು ಸುತ್ತಿತು ಎಲ್ಲವನ್ನೂ ತಾನೇ ನೆನಪಿಟ್ಟುಕೊಳ್ಳುತ್ತಿತ್ತು. ಕೊನೆಯ ಪ್ರಯಾಣವನ್ನು ಪುಟ್ಟ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಿತ್ತು.

"ಕೆಟ್ಟಿದೆಯಂತೆ. ನೋಡ್ಬೇಕಂತೆ."

"ಇನ್ನೇನಂದಳು?"

"ಇನ್ನೇನೂ ಅನ್ಲಿಲ್ಲ."

"ಗಾಡಿ ಎಲ್ಲಿ? ಗಾಡಿ ಇಲ್ದೆ ಇದರ ಮುಖ ನೋಡ್ತಾ ಕೂರ್ಲಾ?"

"ಗಾಡಿ ಬಾಡಿಗೆಗೆ ಹೋಗಿದೆ. ಮೀಟರಕ್ಕಾ, ನೀವಿಬ್ರೂ ಬಾಯಿಬಿಟ್ಟು ಮಾತಾಡ್ಕೊಂಡ್ರೆ ನನಗೀ ಅಂಚೆ ಕೆಲಸ ತಪ್ಪುತ್ತೆ ನೋಡಿ" ಎಂದು ಗೊಣಗುತ್ತ ಅವನು ಹೋದ.

ಗಾಡಿಯಿಲ್ಲದೆ ರೆಕಾರ್ಡರ್ ಕಣ್ಣು ಬಿಡುವುದಿಲ್ಲ. ಸರಿ, ಗಾಡಿ ಕಳಿಸದಿದ್ದರೆ ಗಾಡಿಯನ್ನೇ ಮಾಡಿಕೊಂಡರಾಯಿತು ಎಂದು ಅವಳು ಸೆರಗು ಸಿಕ್ಕಿಸಿ ಕೂತಳು. ಗುಜರಿಯಿಂದ ತಂದ ವ್ಯಾನ್ ಮೀಟರನ್ನು ಹಲಗೆಗೆ ಬಿಗಿದಳು. ಅದರ ಬೆನ್ನಿಗೊಂದು ಚಿಪ್ ಕೂರಿಸಿ ಪ್ರೋಗ್ರಾಂ ಬರೆದಳು. ಹಳೆಯ ರೇಡಿಯೋದಲ್ಲಿ ದನಿ ಏರಿಸಿ ಇಳಿಸುವಂಥ ಎರಡು ತಿರುಪುಗಳನ್ನು ಬೆಸುಗೆ ಹಾಕಿದಳು, ಒಂದು ವೇಗಕ್ಕೆ, ಇನ್ನೊಂದು ಇಂಜಿನ್ನಿಗೆ. ತಂತಿ ಜೋಡಿಸಿದ್ದೇ ತಡ, ರೆಕಾರ್ಡರ್ ತಾನು ನಿಜವಾದ ವ್ಯಾನಿನಲ್ಲೇ ಇದ್ದೇನೆಂದು ನಂಬಿ ಹಸಿರು ದೀಪ ಮಿಟುಕಿಸಿತು. "ಭಲೇ ನನ್ನ ಸುಳ್ಳುಗಾಡಿ!" ಎಂದು ಅವಳು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಹೇಗೆ ತಿರುಪಿದರೂ ರೆಕಾರ್ಡರ್ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹಾಗಾದರೆ ಕೆಟ್ಟದ್ದೇನು? ನೋಡೇಬಿಡೋಣ ಎಂದು ಅದರೊಳಗಿದ್ದ ಹಳೆಯ ಪ್ರಯಾಣಗಳನ್ನು ಸುಳ್ಳುಗಾಡಿಗೆ ತುಂಬಿ ಓಡಿಸಿದಳು. ಮುಳ್ಳುಗಳು ಏಳತೊಡಗಿದವು. ಅಯ್ಯೋ, ಅದು ಅಕ್ಕನ ಕೈ! ಅವಸರವಿಲ್ಲದ ಏರು, ಗೇರು ಬದಲಿಸುವ ಮುನ್ನ ಒಂದು ಚೂರು ತಡೆಯುವ ಅಭ್ಯಾಸ, ಎಲ್ಲ ಅವಳದೇ. ಮೀಟರಕ್ಕ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡಳು. ಅಕ್ಕನ ಪಕ್ಕದ ಸೀಟಿನಲ್ಲೇ ಕೂತಂತಾಯಿತು. ಹಾಗೆ ಕೂತು ಎಷ್ಟು ಕಾಲವಾಗಿತ್ತು! ಬೈದರೂ ಸರಿ, ಕುಳ್ಳಿ ಅಂತ ಅಣಕಿಸಿದರೂ ಸರಿ, ಆ ದನಿ ಒಮ್ಮೆ ಕಿವಿಗೆ ಬೀಳಲಿ ಎಂದು ಜೀವ ಹಂಬಲಿಸಿತು.

ಪ್ರಯಾಣ ಮುಗಿಯುತ್ತ ಬಂದಾಗ ವೇಗದ ಮುಳ್ಳು ಇಳಿಯಿತು, ಎದ್ದಿತು. ಮತ್ತೆ ಇಳಿಯಿತು, ಎದ್ದಿತು. ಆಮೇಲೆ ಬೆನ್ನುಬೆನ್ನಿಗೆ ಎರಡು ಸಲ ಕುಸಿದು ಸೊನ್ನೆಗೆ ಬಂದು ನಿಂತಿತು. ಇಂಜಿನ್ನಿನ ಮುಳ್ಳು ಮಾತ್ರ ಕೆಳಗೆ ಸಣ್ಣಗೆ ನಡುಗುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಗಾಡಿ ಹೊರಟುಹೋಯಿತು. ಮುಂದಿನ ಪ್ರಯಾಣ ಹಾಕಿದಳು, ಕೊನೆಗೆ ಅದೇ. ಅದರ ಮುಂದಿನದರಲ್ಲೂ ಅದೇ.

"ಓಹೋ, ಇದಾ ನಿನ್ನ ರೋಗ!" ಎಂದಳು. ಡಬ್ಬಿ ಒಂದೇ ಬಾಲವನ್ನು ಎಲ್ಲ ಪ್ರಯಾಣಗಳಿಗೂ ಅಂಟಿಸುತ್ತಿದೆ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರೆ ಸರಿಹೋಗುತ್ತದೆ ಎಂದುಕೊಂಡು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

ಆಗ ಹೊರಗೆ ಯಾವುದೋ ಗಾಡಿ ಹಾದುಬಂತು. ಧಡ್. ಧಡ್. ಧಡ್‌ಧಡ್.

ಅವಳ ಬೆರಳು ಅಲ್ಲೇ ನಿಂತಿತು. ಮುಳ್ಳು ಇಳಿದೆದ್ದದ್ದೂ ಇದೇ ತಾಳದಲ್ಲಲ್ಲವೇ? ಗಾಡಿಗಳ ವೇಗ ತಗ್ಗಿಸಲು ಬೀದಿಗೆ ಅಡ್ಡ ಹಾಕಿದ ಹಂಪುಗಳಲ್ಲಿ ಮೂರನೆಯದು ಜೋಡಿ ಹಂಪು. ದರ್ಜಿಯೂ ಕ್ಷೌರದಂಗಡಿಯವನೂ ನನ್ನ ಬಾಗಿಲಿಗೇ ಬೇಕು, ನನ್ನ ಬಾಗಿಲಿಗೇ ಬೇಕು ಅಂತ ಕಿತ್ತಾಡಿ ಅಕ್ಕಪಕ್ಕದಲ್ಲೇ ಒಂದೊಂದು ಹಾಕಿಸಿಕೊಂಡದ್ದು. ಅಂಥ ಪೆದ್ದು ಕೆಲಸ ಊರಲ್ಲಿ ಇನ್ನೆಲ್ಲೂ ಇಲ್ಲ. ಅದನ್ನು ದಾಟಿದರೆ ಸಿಗುವುದು ಈ ಮನೆಯೇ.

ಅಕ್ಕ ಬಂದಿದ್ದಳು! ಪ್ರತಿ ಬಾಡಿಗೆ ಮುಗಿಸಿ ಬಂದು, ಇಂಜಿನ್ ಆರಿಸದೆ ಬಾಗಿಲ ಮುಂದೆ ನಿಂತು, ಕರೆಯದ ಮನೆಗೆ ಇಳಿಯಲಾರದೆ ಹೋಗಿದ್ದಳು. ಹಗಲೆಲ್ಲ ವ್ಯಾನುಗಳು ನಿಂತು ಹೋಗುವ ಬೀದಿ, ಒಳಗೆ ಬಡಬಡಿಸುವ ಫ್ಯಾನು. ಯಾವ ವ್ಯಾನು ಯಾರದೆಂದು ತಲೆ ಎತ್ತಿ ನೋಡಿದವರು ಯಾರು? ಈಗ ಕೆಡದ ಡಬ್ಬಿಯನ್ನು ಕೆಟ್ಟಿದೆ ಅಂತ ಕಳಿಸಿದ್ದಾಳೆ. "ಅಯ್ಯೋ ಹಟಮಾರಿ, ಬಾಯಿಬಿಟ್ಟು ಹೇಳೋಕೆ ನಿನಗೇನು ಧಾಡಿ!" ಎಂದು ಬೈಯುತ್ತ ಬೈಯುತ್ತಲೇ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮುಖ ಒರೆಸಿಕೊಂಡು ಎರಡು ತಿರುಪುಗಳನ್ನೂ ಹಿಡಿದು ಕೂತಳು. ಜನ್ಮದಲ್ಲಿ ಗಾಡಿ ಓಡಿಸಿದವಳಲ್ಲ. ಆದರೂ ಆ ಮಧ್ಯಾಹ್ನ ಸುಳ್ಳುಗಾಡಿಯನ್ನು ಬೀದಿಯೊಳಕ್ಕೆ ತಿರುಗಿಸಿದಳು. ಒಂದು ಹಂಪು, ಎರಡನೆಯದು, ಜೋಡಿ ಹಂಪು. ವೇಗವನ್ನು ಸೊನ್ನೆಗಿಳಿಸಿದಳು. ಕೊನೆಗೆ ಅಕ್ಕ ಒಮ್ಮೆಯೂ ಮಾಡದ ಕೆಲಸ ಮಾಡಿದಳು, ಇಂಜಿನ್ನಿನ ತಿರುಪನ್ನು ಪೂರ್ತಿ ಇಳಿಸಿಬಿಟ್ಟಳು. ಮುಳ್ಳು ತಣ್ಣಗೆ ಮಲಗಿತು. ಆ ಪ್ರಯಾಣವೇ ಡಬ್ಬಿಯ ಪರದೆಯ ಮೇಲೆ ಗೆರೆಯಾಗಿ ಉಳಿಯಿತು.

ಡಬ್ಬಿ ಒಯ್ಯಲು ಬಂದ ಗಡ್ಡದ ಡ್ರೈವರ್, "ಏನಂತ ಹೇಳ್ಲಿ?" ಎಂದ.

"ಸರಿಯಾಗಿದೆ, ಒಂದ್ಸಲ ಪರದೆ ನೋಡ್ಬೇಕಂತೆ ಅಂತ ಹೇಳಿ."

ಅಂದಿನಿಂದ ಅಂಗಡಿಯಲ್ಲಿ ಫ್ಯಾನು ತಿರುಗಲಿಲ್ಲ. ಗಿರಾಕಿಗಳು ಬೆವರು ಒರೆಸಿಕೊಂಡು ಬೈದರೂ ಅವಳು ಹಾಕಗೊಡಲಿಲ್ಲ. ಪ್ರತಿ ಧಡ್ ಸದ್ದಿಗೂ ಕಿವಿ ನಿಮಿರುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿತ್ತು. ನೋಡಿದಳೋ ಇಲ್ಲವೋ, ನೋಡಿಯೂ ಮುನಿಸು ಇಳಿಯಲಿಲ್ಲವೋ ಎಂದು ಮೇಜಿಗೂ ಬಾಗಿಲಿಗೂ ಓಡಾಡುತ್ತಿದ್ದಳು.

ಕೊನೆಗೊಂದು ದಿನ ಧಡ್, ಧಡ್, ಧಡ್‌ಧಡ್ ಎಂದು ಬಂದ ವ್ಯಾನೊಂದು ಬಾಗಿಲಲ್ಲೇ ನಿಂತಿತು. ಇಂಜಿನ್ ಆರಲಿಲ್ಲ. ಅವಳು ಚಪ್ಪಲಿಯನ್ನೂ ಮೆಟ್ಟದೆ ಹೊಸ್ತಿಲು ದಾಟಿ ಓಡಿದಳು. ಅಕ್ಕ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೇ ನೋಡುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಏ ಕುಳ್ಳಿ, ಜೋಡಿ ಹಂಪನ್ನ ಐವತ್ತರಲ್ಲಿ ಹಾರಿಸಿದ್ದೀಯಲ್ಲೇ! ನನ್ನ ಗಾಡಿ ಆಗಿದ್ರೆ ಅಲ್ಲೇ ಎರಡು ತುಂಡಾಗಿರೋದು."

"ಕಲಿಸೋರು ಕಲಿಸಿದ್ರೆ ತಾನೇ?"

ಅಕ್ಕ ಈಗಲೂ ಸ್ಟೇರಿಂಗ್ ಬಿಡಲಿಲ್ಲ. "ಒಳಗೆ ಬಾ ಅಂತ ಇನ್ನೂ ಯಾರೂ ಬಾಯಲ್ಲಿ ಹೇಳಿಲ್ಲ ನನಗೆ."

ತಂಗಿ ಕಿಟಕಿಯೊಳಕ್ಕೆ ಕೈ ಹಾಕಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು, ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು, ಹಿಂತಿರುಗಿ ನೋಡದೆ ಮನೆಯೊಳಕ್ಕೆ ನಡೆದಳು. ಹಿಂದೆ ವ್ಯಾನಿನ ಬಾಗಿಲು ತೆರೆದ ಸದ್ದು ಕೇಳಿಸಿತು.